ಕಡಲ ಮೀನಿನ ತೊಟ್ಟಿಗೆ ಯಾವ ನೀರು? ನಲ್ಲಿಯದೋ, ಶುದ್ಧೀಕರಿಸಿದ್ದೋ?

ಹೋಟೆಲುಗಳ ಸ್ವಾಗತಾಂಗಣ, ಆಭರಣದ ಮಳಿಗೆ, ದಂತ ಚಿಕಿತ್ಸಾಲಯ, ಬಿಲ್ಡರುಗಳ ಕಚೇರಿ ಮೊದಲಾದ ಕಡೆಗಳಲ್ಲಿ ಉಪ್ಪುನೀರಿನ ಅಲಂಕಾರಿಕ ಮೀನುಗಳ ತೊಟ್ಟಿ ಇರಿಸುವ ರೂಢಿ ಈಗ ಅಪರೂಪವಾಗಿ ಉಳಿದಿಲ್ಲ. ಗಾಜಿನ ತೊಟ್ಟಿ ತಯಾರಿಸುವವರು, ಮೀನು ಮಾರುವವರು, ಮಾಸಿಕ ನಿರ್ವಹಣೆಯ ಗುತ್ತಿಗೆ ಹಿಡಿಯುವವರು, ನೀರು ಶುದ್ಧೀಕರಣ ಘಟಕಗಳನ್ನು ಜೋಡಿಸಿ ಕೊಡುವ ಸಣ್ಣ ಉದ್ಯಮಿಗಳು, ಇವರೆಲ್ಲರಿಗೂ ಇದರಲ್ಲಿ ಪಾಲಿದೆ. ಆದರೆ ಸಿಹಿನೀರಿನ ಗೋಲ್ಡ್‌ಫಿಷ್, ಗಪ್ಪಿಗಳ ವ್ಯಾಪಾರದಲ್ಲಿ ಪಡೆದ ಅನುಭವವು ಇಲ್ಲಿ ಅರ್ಧದಷ್ಟು ಮಾತ್ರ ನೆರವಿಗೆ ಬರುತ್ತದೆ. ಮೀನು ಸತ್ತಾಗ ರೋಗದ ಮೇಲೆ, ಆಹಾರದ ಮೇಲೆ, ಸಾಗಣೆಯ ಮೇಲೆ ಅನುಮಾನ ಹೋಗುತ್ತದೆ. ಮೊದಲ ದಿನ ತೊಟ್ಟಿಗೆ ಸುರಿದ ನೀರಿನ ಮೇಲೆ ಅನುಮಾನ ಹೋಗುವುದು ಎಲ್ಲಕ್ಕಿಂತ ಕೊನೆಗೆ. ಅಷ್ಟರಲ್ಲಿ ಗ್ರಾಹಕನು ಬದಲಿ ಮೀನನ್ನು ಕೇಳಿರುತ್ತಾನೆ, ಗುತ್ತಿಗೆದಾರನ ಆ ವರ್ಷದ ಲಾಭವೂ ಅದರೊಂದಿಗೆ ಹೋಗಿರುತ್ತದೆ.

ಈ ವ್ಯಾಪಾರಕ್ಕೆ ಹೊಸದಾಗಿ ಇಳಿದವರು ಕೇಳುವ ಮೊದಲ ಪ್ರಶ್ನೆ ನ್ಯಾಯವಾದದ್ದೇ ಆಗಿದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ, ಅಂದರೆ 35,000 ಮಿಲಿಗ್ರಾಂ ಲವಣವಿರುತ್ತದೆ. ಅಷ್ಟು ಉಪ್ಪನ್ನು ತಾವೇ ಕೈಯಾರೆ ಬೆರೆಸುವಾಗ ನಲ್ಲಿ ನೀರಿನಲ್ಲಿ ಮೊದಲೇ ಇರುವ 200-300 ಮಿಲಿಗ್ರಾಂ ಲೆಕ್ಕಕ್ಕೆ ಬರುವುದೇ? ಆ 300 ಮಿಲಿಗ್ರಾಂ ಕೇವಲ ಸುಣ್ಣದ ಅಂಶ, ಮೆಗ್ನೀಸಿಯಂ, ಸೋಡಿಯಂ ಆಗಿದ್ದರೆ ಬಾರದು. ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ ಒಂದೇ ಲೀಟರಿಗೆ 400 ಮಿಲಿಗ್ರಾಂಗಿಂತ ತುಸು ಹೆಚ್ಚು, ಮೆಗ್ನೀಸಿಯಂ 1,300 ಮಿಲಿಗ್ರಾಂ ಸಮೀಪ ಇರುತ್ತದೆ. ಆದ್ದರಿಂದ ಬಟ್ಟೆ ಒಗೆಯಲು ತೊಡಕಾಗುವ ನೀರಿನ ಗಡಸುತನವು ಕಡಲ ಮೀನಿಗೆ ದೊಡ್ಡ ತೊಡಕಲ್ಲ. ತೊಡಕಿರುವುದು ಟಿಡಿಎಸ್ ಮಾಪಕದಲ್ಲಿ ಪ್ರತ್ಯೇಕವಾಗಿ ಕಾಣದ, ಅತ್ಯಲ್ಪ ಪ್ರಮಾಣದ ವಸ್ತುಗಳಲ್ಲಿ: ಕ್ಲೋರಿನ್, ತಾಮ್ರ, ನೈಟ್ರೇಟ್, ಫಾಸ್ಫೇಟ್ ಮತ್ತು ಸಿಲಿಕಾ. ನೀರಿನಲ್ಲಿ ಎಷ್ಟು ಕರಗಿದೆ ಎಂಬುದಕ್ಕಿಂತ ಏನು ಕರಗಿದೆ ಎಂಬುದೇ ಇಲ್ಲಿ ಮುಖ್ಯ.

ಒಂದೇ ನಲ್ಲಿ, ಹಲವು ನೀರು

ಬೆಂಗಳೂರಿನಲ್ಲಿ ನಲ್ಲಿ ನೀರು ಎಂಬ ಮಾತಿಗೆ ಒಂದೇ ಅರ್ಥವಿಲ್ಲ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಕ್ಲೋರಿನ್ ಬೆರೆಸಿ, ಸುಮಾರು 100 ಕಿಲೋಮೀಟರ್ ದೂರದಿಂದ ಮೇಲೆತ್ತಿ ತರುವ ಕಾವೇರಿ ನೀರು ಒಂದು ಬಗೆಯದು. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತವು ಉದ್ಘಾಟನೆಗೊಂಡ ಮೇಲೆ ಹೊರವಲಯದ 110 ಹಳ್ಳಿಗಳ ಪ್ರದೇಶಕ್ಕೂ ಆ ನೀರನ್ನು ತಲುಪಿಸುವ ವ್ಯವಸ್ಥೆಯಾಗಿದೆ. ಆದರೂ ಅನೇಕ ವಾಣಿಜ್ಯ ಕಟ್ಟಡಗಳ ನೆಲದಡಿಯ ಸಂಪಿನಲ್ಲಿ ಕಾವೇರಿ, ಕೊಳವೆಬಾವಿ, ಟ್ಯಾಂಕರ್ ಈ ಮೂರೂ ಕೂಡಿಕೊಳ್ಳುತ್ತವೆ. ಸೋಮವಾರ ಪರೀಕ್ಷಿಸಿದ ನೀರು ಗುರುವಾರ ಅದೇ ನಲ್ಲಿಯಲ್ಲಿ ಬರುವುದೆಂಬ ಭರವಸೆಯಿಲ್ಲ. ನಲ್ಲಿ ನೀರನ್ನೇ ಬಳಸುವವರಿಗೆ ನೀರಿನ ಗುಣಕ್ಕಿಂತ ಹೆಚ್ಚಿನ ಕಷ್ಟವೆಂದರೆ ಈ ಅನಿಶ್ಚಿತತೆಯೇ.

ಕ್ಲೋರಿನ್ ನಿವಾರಣೆ ಇವುಗಳಲ್ಲೆಲ್ಲ ಸುಲಭವಾದುದು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಬಳಕೆದಾರನ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರತಕ್ಕದ್ದು. ಮನುಷ್ಯನಿಗೆ ರಕ್ಷಣೆಯಾದ ಇದೇ ಅಂಶವು ಮೀನಿನ ಕಿವಿರನ್ನು ಸುಡುತ್ತದೆ, ತೊಟ್ಟಿಯಲ್ಲಿ ಅಮೋನಿಯಾವನ್ನು ಅರಗಿಸುವ ಸೂಕ್ಷ್ಮಾಣುಗಳನ್ನೂ ಕೊಲ್ಲುತ್ತದೆ. ನೀರನ್ನು ತೆರೆದ ಡ್ರಮ್ಮಿನಲ್ಲಿಟ್ಟು ಒಂದು ದಿನ ಗಾಳಿ ಊದಿದರೆ ಕ್ಲೋರಿನ್ ಹೊರಟುಹೋಗುತ್ತದೆ. ಅವಸರವಿದ್ದವರಿಗೆ ಸೋಡಿಯಂ ಥಯೋಸಲ್ಫೇಟ್ ಉಂಟು. ಹಿಂದೆ ಛಾಯಾಚಿತ್ರ ಸ್ಟುಡಿಯೋಗಳ ಕತ್ತಲೆ ಕೋಣೆಯಲ್ಲಿ ಹೈಪೋ ಎಂದು ಬಳಕೆಯಲ್ಲಿದ್ದ ಹರಳೇ ಇದು. ಒಂದು ಮಿಲಿಗ್ರಾಂ ಕ್ಲೋರಿನ್ನಿಗೆ ಸುಮಾರು ಏಳು ಮಿಲಿಗ್ರಾಂ ಹರಳು ಸಾಕು. ಆದರೆ ಕ್ಲೋರಿನ್ ಬದಲು ಕ್ಲೋರಮೈನ್ ಬಳಸಿರುವ ನೀರಿನಲ್ಲಿ ಬರೀ ಗಾಳಿ ಊದಿದರೆ ಪ್ರಯೋಜನವಿಲ್ಲ. ಹೈಪೋ ಹಾಕಿದಾಗಲೂ ಅಮೋನಿಯಾ ಉಳಿಯುತ್ತದೆ. ಆಂಟಿ-ಕ್ಲೋರಿನ್ ಹನಿ ಹಾಕಿದ ಮಾತ್ರಕ್ಕೆ ನೀರು ಶುದ್ಧವಾಯಿತೆಂದು ಮಾರಾಟಗಾರರು ಗ್ರಾಹಕರಿಗೆ ಹೇಳುವುದುಂಟು. ಅದು ಕ್ಲೋರಿನ್ ಒಂದನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ.

ತಾಮ್ರದ ವಿಷಯ ಹೆಚ್ಚು ಗಂಭೀರವಾದುದು. ಐಎಸ್ 10500ರಲ್ಲಿ ತಾಮ್ರದ ಸ್ವೀಕಾರಾರ್ಹ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಬೇರೆ ನೀರಿನ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೂ ಅನುಮತಿಯಿದೆ. ಇತ್ತ ಕಡಲ ಮೀನಿನ ಪರೋಪಜೀವಿ ರೋಗಗಳಿಗೆ ಔಷಧವಾಗಿ ಬಳಸುವ ತಾಮ್ರದ ಪ್ರಮಾಣ ಸಾಮಾನ್ಯವಾಗಿ 0.15ರಿಂದ 0.20 ಮಿಲಿಗ್ರಾಂ. ಆ ಔಷಧದ ಪ್ರಮಾಣದಲ್ಲಿ ಮೀನು ಬದುಕುತ್ತದೆ, ಆದರೆ ಸೀಗಡಿ, ಕಡಲ ಬಸವನಹುಳು, ಅನಿಮೋನ್, ಹವಳದಂತಹ ಅಕಶೇರುಕಗಳು ಉಳಿಯುವುದಿಲ್ಲ. ಮನುಷ್ಯನು ಕುಡಿಯಲು ಕಾನೂನು ಒಪ್ಪುವ ನೀರಿನಲ್ಲಿಯೇ ಸೀಗಡಿಯನ್ನು ಕೊಲ್ಲುವಷ್ಟು ತಾಮ್ರವಿರಬಹುದು ಎಂದಾಯಿತು. ಸರಬರಾಜಾಗುವ ನೀರಿನಲ್ಲಿ ಅಷ್ಟು ತಾಮ್ರ ಇರದಿದ್ದರೂ ಕಟ್ಟಡದೊಳಗಿನ ತಾಮ್ರದ ಕೊಳವೆ, ಹಿತ್ತಾಳೆಯ ವಾಲ್ವು, ಗೀಸರುಗಳಲ್ಲಿ ರಾತ್ರಿಯೆಲ್ಲಾ ನಿಂತ ನೀರು ಅದನ್ನು ಕರಗಿಸಿಕೊಂಡು ಬರುತ್ತದೆ. ಪಾಚಿ ಕೊಲ್ಲಲು ಮೈಲುತುತ್ತ ಹಾಕಿದ ಓವರ್‌ಹೆಡ್ ಟ್ಯಾಂಕಿನ ನೀರಂತೂ ಈ ಕೆಲಸಕ್ಕೆ ಸರ್ವಥಾ ವರ್ಜ್ಯ.

ಆವಿಯ ಲೆಕ್ಕ

ನೈಟ್ರೇಟಿನ ಹಾನಿ ನಿಧಾನವಾದುದು, ಆದುದರಿಂದಲೇ ಹೆಚ್ಚು ಮೋಸಗೊಳಿಸುವಂಥದ್ದು. ಕುಡಿಯುವ ನೀರಿನಲ್ಲಿ ಇದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕೇಂದ್ರೀಯ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಅಂತರ್ಜಲದ ನೈಟ್ರೇಟ್ ಹೆಚ್ಚಿರುವ ರಾಜ್ಯಗಳ ಸಾಲಿನಲ್ಲಿ ರಾಜಸ್ಥಾನದೊಂದಿಗೆ ಕರ್ನಾಟಕವೂ ಮುಂದಿದೆ. ಗೊಬ್ಬರ ಹಾಗೂ ಒಳಚರಂಡಿಯ ನೀರು ನೆಲಕ್ಕೆ ಇಂಗುವುದು ಇದಕ್ಕೆ ಕಾರಣ. ಕೊಳವೆಬಾವಿಯನ್ನೋ ಟ್ಯಾಂಕರನ್ನೋ ನಂಬಿದ ವರ್ತಕರು ಈ ಅಂಶವನ್ನು ಮರೆಯುವಂತಿಲ್ಲ.

200 ಲೀಟರಿನ ಒಂದು ತೊಟ್ಟಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹವಾನಿಯಂತ್ರಿತ ಕೋಣೆಯಲ್ಲಿ, ಪಂಪು ಮತ್ತು ದೀಪಗಳ ಶಾಖದಲ್ಲಿ ಅದರಿಂದ ದಿನಕ್ಕೆ ಎರಡು ಲೀಟರು ಆವಿಯಾಗುತ್ತದೆಂದು ಇಟ್ಟುಕೊಂಡರೆ ವರ್ಷಕ್ಕೆ 730 ಲೀಟರು ಆಯಿತು. ಆವಿಯಾಗಿ ಹೋಗುವುದು ಬರೀ ನೀರು. ಉಪ್ಪು ಮತ್ತು ಕರಗಿರುವ ಉಳಿದೆಲ್ಲವೂ ತೊಟ್ಟಿಯಲ್ಲಿಯೇ ನಿಲ್ಲುತ್ತವೆ. ಆದ್ದರಿಂದ ಆವಿಯಾದ ಭಾಗವನ್ನು ಉಪ್ಪಿಲ್ಲದ ನೀರಿನಿಂದಲೇ ತುಂಬಿಸಬೇಕು. ಹೀಗೆ ತುಂಬಿಸುವ ನೀರಿನಲ್ಲಿ ಲೀಟರಿಗೆ 30 ಮಿಲಿಗ್ರಾಂ ನೈಟ್ರೇಟ್ ಇದ್ದರೆ, ಅದು ಕುಡಿಯಲು ಪೂರ್ಣ ಯೋಗ್ಯವಾದ ನೀರೇ ಆಗಿದ್ದರೂ, ವರ್ಷಾಂತ್ಯಕ್ಕೆ 21,900 ಮಿಲಿಗ್ರಾಂ ನೈಟ್ರೇಟ್ ತೊಟ್ಟಿಗೆ ಸೇರಿರುತ್ತದೆ. ನೀರನ್ನು ಬದಲಿಸದೆ ಬಿಟ್ಟರೆ ಇದು ಲೀಟರಿಗೆ ಸುಮಾರು 110 ಮಿಲಿಗ್ರಾಂ. ಮೀನಿನ ಮಲ ಮತ್ತು ಉಳಿದ ಆಹಾರದಿಂದ ಹುಟ್ಟುವ ನೈಟ್ರೇಟ್ ಇದರ ಮೇಲೆ. ಹವಳ, ಅನಿಮೋನ್‌ಗಳಿರುವ ತೊಟ್ಟಿಯಲ್ಲಿ ನೈಟ್ರೇಟನ್ನು 10 ಮಿಲಿಗ್ರಾಂ ಒಳಗೆ ಇಡಲು ಯತ್ನಿಸುವುದು ವಾಡಿಕೆ.

ವಾರಕ್ಕೊಮ್ಮೆ ಹತ್ತನೆಯ ಒಂದು ಭಾಗ ನೀರನ್ನು ಬದಲಿಸಿದರೆ ಸರಿಹೋಗುವುದಿಲ್ಲವೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ವಾರಕ್ಕೆ 20 ಲೀಟರು ಬದಲಾವಣೆಗೆ, 14 ಲೀಟರು ಆವಿಯ ಭರ್ತಿಗೆ, ಎರಡಕ್ಕೂ ಅದೇ ನಲ್ಲಿ ನೀರನ್ನು ಬಳಸಿದರೆ ಒಳಬರುವ ನೈಟ್ರೇಟ್ ವಾರಕ್ಕೆ 1,020 ಮಿಲಿಗ್ರಾಂ. ಹೊರಹೋಗುವುದು ತೆಗೆದ 20 ಲೀಟರಿನೊಂದಿಗೆ ಮಾತ್ರ. ಎರಡೂ ಸಮವಾಗುವುದು ತೊಟ್ಟಿಯ ನೈಟ್ರೇಟ್ 51 ಮಿಲಿಗ್ರಾಂ ಮುಟ್ಟಿದಾಗ. ಆವಿಯ ಭರ್ತಿಗೆ ಮಾತ್ರ ಶುದ್ಧೀಕರಿಸಿದ ನೀರು ಬಳಸಿ ಬದಲಾವಣೆಗೆ ನಲ್ಲಿ ನೀರನ್ನೇ ಮುಂದುವರಿಸಿದರೆ ಅದು 30ಕ್ಕೆ ನಿಲ್ಲುತ್ತದೆ. ಎರಡಕ್ಕೂ ಶುದ್ಧ ನೀರಾದರೆ ಮೀನಿನಿಂದ ಹುಟ್ಟುವಷ್ಟು ಮಾತ್ರ ಉಳಿಯುತ್ತದೆ. ಬಂಡವಾಳ ಕಡಿಮೆಯಿರುವ ವರ್ತಕನು ಶುದ್ಧ ನೀರನ್ನು ಮೊದಲು ಎಲ್ಲಿ ಬಳಸಬೇಕೆಂಬುದಕ್ಕೆ ಈ ಲೆಕ್ಕದಲ್ಲೇ ಉತ್ತರವಿದೆ. ರೂಢಿಯಲ್ಲಿ ಇದು ತಿರುಗುಮುರುಗಾಗಿದೆ. ಉಪ್ಪು ಬೆರೆಸುವಾಗ ಎಚ್ಚರ ವಹಿಸುವ ಕೆಲಸಗಾರರೇ ಪ್ರತಿದಿನದ ಭರ್ತಿಗೆ ಹತ್ತಿರದ ಕೈತೊಳೆಯುವ ನಲ್ಲಿಯಿಂದ ಮಗ್ಗಿನಲ್ಲಿ ನೀರು ಹಿಡಿದು ಸುರಿಯುತ್ತಾರೆ.

ಫಾಸ್ಫೇಟ್ ಮತ್ತು ಸಿಲಿಕಾಗಳೂ ಇದೇ ರೀತಿ ಶೇಖರಗೊಳ್ಳುತ್ತವೆ. ಇವು ಮೀನನ್ನು ಕೊಲ್ಲುವುದಿಲ್ಲ. ಮೊದಲನೆಯದು ಹಸಿರು ಪಾಚಿಯನ್ನೂ ಎರಡನೆಯದು ಗಾಜು, ಮರಳುಗಳ ಮೇಲೆ ಕಂದು ಬಣ್ಣದ ಡಯಾಟಮ್ ಪೊರೆಯನ್ನೂ ಬೆಳೆಸುತ್ತವೆ. ಅಲಂಕಾರಕ್ಕೆಂದೇ ಇರಿಸಿದ ತೊಟ್ಟಿಯ ಗಾಜು ಕಂದಾದರೆ ಮೀನು ಬದುಕಿದ್ದರೂ ಗ್ರಾಹಕನ ದೂರು ಬರುವುದು ಖಚಿತ.

ಯಾವ ತೊಟ್ಟಿಗೆ ಯಾವುದು

ಮೀನು ಮಾತ್ರ ಇರುವ ತೊಟ್ಟಿಗೆ, ಬೇರೇನೂ ಬೆರೆಯದ ಕಾವೇರಿ ನೀರು ದೊರೆಯುವಲ್ಲಿ, ಕ್ಲೋರಿನ್ ತೆಗೆದು ಉಪ್ಪು ಬೆರೆಸಿ ಬಳಸುವುದರಲ್ಲಿ ತಪ್ಪಿಲ್ಲ. ಕ್ಲೌನ್, ಡ್ಯಾಮ್ಸೆಲ್‌ನಂತಹ ಗಟ್ಟಿ ಮೀನುಗಳು 30-40 ಮಿಲಿಗ್ರಾಂ ನೈಟ್ರೇಟನ್ನು ತಾಳಿಕೊಳ್ಳುತ್ತವೆ. ನೈಟ್ರೇಟ್ ಮತ್ತು ತಾಮ್ರದ ಪರೀಕ್ಷಾ ಕಿಟ್ಟುಗಳಿಂದ ಆಗಾಗ ನೋಡಿಕೊಳ್ಳುತ್ತಿರಬೇಕು, ಆವಿಯ ಭರ್ತಿಗೆ ಮಾತ್ರ ಶುದ್ಧ ನೀರನ್ನೇ ಬಳಸಬೇಕು. ಸೀಗಡಿ, ಅನಿಮೋನ್, ಹವಳಗಳಲ್ಲಿ ಒಂದಿದ್ದರೂ ನಲ್ಲಿ ನೀರಿನ ಮಾತೇ ಬೇಡ. ಕೊಳವೆಬಾವಿ ಅಥವಾ ಟ್ಯಾಂಕರ್ ನೀರಾದರೆ ತೊಟ್ಟಿ ಯಾವುದೇ ಇರಲಿ, ಶುದ್ಧೀಕರಣವಿಲ್ಲದೆ ಬಳಸುವುದು ಜೂಜಾಟವಾಗುತ್ತದೆ.

ಶುದ್ಧೀಕರಿಸಿದ ನೀರು ದುಬಾರಿಯೆಂಬ ಆಕ್ಷೇಪವೂ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಮೇಲಿನ ತೊಟ್ಟಿಗೆ ವರ್ಷಕ್ಕೆ ಬೇಕಾಗುವುದು ಬದಲಾವಣೆಗೆ 1,040, ಭರ್ತಿಗೆ 730, ಒಟ್ಟು 1,770 ಲೀಟರು. ಬದಲಾವಣೆಯ ನೀರಿಗೆ ಮಾತ್ರ ವರ್ಷಕ್ಕೆ ಸುಮಾರು 37 ಕಿಲೋ ಕೃತಕ ಸಮುದ್ರ ಲವಣ ಬೇಕು. ಅಷ್ಟು ಲವಣದ ಬೆಲೆಯ ಮುಂದೆ ನೀರಿನ ಬೆಲೆ ಚಿಲ್ಲರೆ. ಅಷ್ಟು ಹಣ ತೆತ್ತು ತಂದ ಉಪ್ಪನ್ನು ಗುಣ ತಿಳಿಯದ ನೀರಿಗೆ ಸುರಿಯುವುದು ವ್ಯಾಪಾರಿ ಬುದ್ಧಿಯಲ್ಲ.

ಶುದ್ಧ ಎಂಬ ಮಾತಿನ ಅರ್ಥ

ಮನೆ, ಕಚೇರಿಗಳಲ್ಲಿರುವ ಕುಡಿಯುವ ನೀರಿನ ಆರ್‌ಒ ಯಂತ್ರದ ನೀರನ್ನೇ ತೊಟ್ಟಿಗೆ ಹಾಕುವವರಿದ್ದಾರೆ. ಇಂತಹ ಬಹುಪಾಲು ಯಂತ್ರಗಳಲ್ಲಿ ರುಚಿಗಾಗಿ ಟಿಡಿಎಸ್ ನಿಯಂತ್ರಕ ಅಥವಾ ಖನಿಜದ ಕಾರ್ಟ್ರಿಜ್ ಇರುತ್ತದೆ. ಟಿಡಿಎಸ್ ನಿಯಂತ್ರಕವು ಪೊರೆಯನ್ನು ಹಾಯದ ನೀರನ್ನೇ ಒಂದಿಷ್ಟು ಮರಳಿ ಬೆರೆಸುತ್ತದೆ, ಜೊತೆಗೆ ನೈಟ್ರೇಟೂ ಮರಳಿ ಬರುತ್ತದೆ. ಅದನ್ನು ಪೂರ್ಣ ಮುಚ್ಚಿಸಿದ ಯಂತ್ರವಾದರೆ ಆದೀತು. 20 ಲೀಟರಿನ ಕ್ಯಾನ್ ನೀರಿಗೂ ಸಾಮಾನ್ಯವಾಗಿ ಖನಿಜ ಸೇರಿಸಿರುತ್ತಾರೆ. ಕಟ್ಟಡಗಳಲ್ಲಿ ಹಾಕಿಸುವ ಸಾಫ್ಟನರ್ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಜಾಗದಲ್ಲಿ ಸೋಡಿಯಂ ಇಡುತ್ತದೆಯೇ ಹೊರತು ನೈಟ್ರೇಟ್, ಸಿಲಿಕಾಗಳನ್ನು ತೆಗೆಯುವುದಿಲ್ಲ. ಅಂದರೆ ತೊಂದರೆಯಿಲ್ಲದ್ದನ್ನು ತೆಗೆದು ತೊಂದರೆಯುಳ್ಳದ್ದನ್ನು ಬಿಡುತ್ತದೆ. ಬ್ಯಾಟರಿ ನೀರು ಎಂದು ಮಾರುವ ಡಿಐ ನೀರು ಒಳ್ಳೆಯದೇ ಇರಬಹುದು, ಆದರೆ ಅದು ಯಾವ ಕ್ಯಾನಿನಲ್ಲಿ ಬಂದಿದೆ, ಆ ಕ್ಯಾನಿನಲ್ಲಿ ಮೊದಲು ಏನಿತ್ತು ಎಂಬುದನ್ನು ವಿಚಾರಿಸದೆ ಕೊಳ್ಳಬಾರದು. ಸ್ವಂತ ಡಿಐ ಘಟಕವುಳ್ಳ ಸಣ್ಣ ಕೈಗಾರಿಕೆಗಳು ತಮ್ಮ ಕಚೇರಿಯ ತೊಟ್ಟಿಗೆ ಅದೇ ನೀರನ್ನು ಬಳಸಬಹುದು. ಆಮ್ಲ, ಕ್ಷಾರಗಳಿಂದ ರೆಸಿನ್ನನ್ನು ಪುನಶ್ಚೇತನಗೊಳಿಸಿದ ದಿನದ ಮೊದಲ ನೀರನ್ನು ಮಾತ್ರ ಬಿಟ್ಟುಬಿಡಬೇಕು.

ಈ ಕೆಲಸಕ್ಕೆ ಸರಿಯಾದುದು ನಾಲ್ಕು ಹಂತದ ಆರ್‌ಒ-ಡಿಐ ಘಟಕ. ಐದು ಮೈಕ್ರಾನಿನ ಸೆಡಿಮೆಂಟ್ ಫಿಲ್ಟರ್ ಮಣ್ಣು, ತುಕ್ಕುಗಳನ್ನು ತಡೆಯುತ್ತದೆ. ಕಾರ್ಬನ್ ಫಿಲ್ಟರ್ ಕ್ಲೋರಿನ್ನನ್ನು ಹೀರುತ್ತದೆ. ಇದು ಮೀನಿಗಾಗಿ ಮಾತ್ರವಲ್ಲ, ಕ್ಲೋರಿನ್ ತಾಗಿದರೆ ಮುಂದಿನ ಮೆಂಬ್ರೇನ್ ಹಾಳಾಗುತ್ತದೆ. ಮೆಂಬ್ರೇನ್ ಕರಗಿದ ಲವಣಗಳಲ್ಲಿ ನೂರಕ್ಕೆ 90ರಿಂದ 98 ಭಾಗವನ್ನು ತಡೆಯುತ್ತದೆ, ನೈಟ್ರೇಟನ್ನು ತಡೆಯುವುದು ತುಸು ಕಡಿಮೆ. ಉಳಿದದ್ದನ್ನು ಡಿಐ ರೆಸಿನ್ ಹಿಡಿಯುತ್ತದೆ. 300 ಟಿಡಿಎಸ್‌ನ ನೀರು ಒಳಹೋದರೆ ಮೆಂಬ್ರೇನಿನಾಚೆ 10-15, ರೆಸಿನ್ನಿನಾಚೆ ಸೊನ್ನೆ ಅಥವಾ ಒಂದು ಬರಬೇಕು. ಕೆಲವರು ಹಣ ಉಳಿಸಲು ಮೆಂಬ್ರೇನ್ ಬಿಟ್ಟು ರೆಸಿನ್ ಒಂದನ್ನೇ ನಲ್ಲಿಗೆ ಜೋಡಿಸುತ್ತಾರೆ. ಮೆಂಬ್ರೇನ್ ಲವಣವನ್ನು ಇಪ್ಪತ್ತನೆಯ ಒಂದು ಭಾಗಕ್ಕೆ ಇಳಿಸುವಲ್ಲಿ ರೆಸಿನ್ನಿನ ಆಯುಸ್ಸು ಹೆಚ್ಚುಕಡಿಮೆ ಇಪ್ಪತ್ತು ಪಟ್ಟು ಹೆಚ್ಚುತ್ತದೆ ಎಂಬುದನ್ನು ಗಮನಿಸಿದರೆ ಅದು ಉಳಿತಾಯವಲ್ಲವೆಂದು ತಿಳಿಯುತ್ತದೆ.

ಮೆಂಬ್ರೇನಿಗೆ 50ರಿಂದ 60 ಪಿಎಸ್‌ಐ ಒತ್ತಡ ಬೇಕು. ಹತ್ತು ಮೀಟರ್ ಎತ್ತರದ ಓವರ್‌ಹೆಡ್ ಟ್ಯಾಂಕ್ ಕೊಡುವುದು 14 ಪಿಎಸ್‌ಐ ಮಾತ್ರ. ಆದ್ದರಿಂದ ಬೂಸ್ಟರ್ ಪಂಪು ಇಲ್ಲಿ ಐಚ್ಛಿಕವಲ್ಲ. ಯಂತ್ರವನ್ನು ಚಾಲೂ ಮಾಡಿದ ಮೊದಲ ಕೆಲವು ನಿಮಿಷ ಹೆಚ್ಚಿನ ಟಿಡಿಎಸ್‌ನ ನೀರು ಬರುವುದರಿಂದ ದಿನಕ್ಕೆ ಹತ್ತು ಬಾರಿ ಒಂದೊಂದು ಲೀಟರು ಹಿಡಿಯುವುದಕ್ಕಿಂತ ವಾರಕ್ಕೊಮ್ಮೆ ಡ್ರಮ್ ತುಂಬಿಸಿಡುವುದು ಲೇಸು. ಘಟಕಗಳನ್ನು ಜೋಡಿಸಿ ಮಾರುವ ಉದ್ಯಮಿಗಳು ಮೆಂಬ್ರೇನಿನ ಹಿಂದೆ ಮತ್ತು ರೆಸಿನ್ನಿನ ಮುಂದೆ ಹೀಗೆ ಎರಡು ಕಡೆ ಟಿಡಿಎಸ್ ನೋಡುವ ಅನುಕೂಲ ಕಲ್ಪಿಸಿದರೆ ಅರ್ಧದಷ್ಟು ದೂರವಾಣಿ ಕರೆಗಳು ತಾವಾಗಿ ನಿಲ್ಲುತ್ತವೆ.

ಬಿಸಾಡುವ ನೀರಿನ ಪ್ರಶ್ನೆ

ಇಂತಹ ಸಣ್ಣ ಘಟಕಗಳು ಒಂದು ಲೀಟರು ಶುದ್ಧ ನೀರಿಗೆ ಮೂರರಿಂದ ನಾಲ್ಕು ಲೀಟರು ಹೊರಬಿಡುತ್ತವೆ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ವಾಹನ ತೊಳೆಯಲು, ಕಟ್ಟಡ ಕಾಮಗಾರಿಗೆ, ಕಾರಂಜಿಗಳಿಗೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿದ್ದನ್ನು ನೆನೆದರೆ ಈ ಪ್ರಶ್ನೆ ಹಗುರವಾದುದಲ್ಲ. ಕುಡಿಯುವ ನೀರಿನ ಸಂದರ್ಭದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರಲ್ಲಿ, ಟಿಡಿಎಸ್ 500ಕ್ಕಿಂತ ಕಡಿಮೆಯಿರುವ ಕಡೆ ಆರ್‌ಒ ಬಳಕೆಯನ್ನು ನಿಷೇಧಿಸುವಂತೆ ಪರಿಸರ ಸಚಿವಾಲಯಕ್ಕೆ ನಿರ್ದೇಶಿಸಿತ್ತು. ಆದರೂ ಪ್ರಮಾಣವನ್ನು ಸರಿಯಾಗಿ ಅಳೆಯಬೇಕು. 1,770 ಲೀಟರಿಗೆ ಮೂರು ಪಟ್ಟು ಎಂದರೆ ವರ್ಷಕ್ಕೆ 5,310 ಲೀಟರು, ದಿನಕ್ಕೆ ಸುಮಾರು 15 ಲೀಟರು. ಒಂದು ಮಳಿಗೆಯ ನೆಲ ಒರೆಸಲು, ಶೌಚಾಲಯಕ್ಕೆ ಇದಕ್ಕಿಂತ ಹೆಚ್ಚು ಬೇಕು. ಒಳಹೋದ ನೀರು 300 ಟಿಡಿಎಸ್ ಇದ್ದರೆ ಹೊರಬರುವುದು ಸುಮಾರು 400, ಅದು ನಲ್ಲಿ ನೀರಿಗಿಂತ ಬಹಳ ಬೇರೆಯೇನಲ್ಲ. ಕೊಳವೆಬಾವಿಯ 1,000 ಟಿಡಿಎಸ್ ನೀರಾದರೆ ಹೊರಬರುವುದು 1,300 ದಾಟುತ್ತದೆ. ಅದನ್ನು ಹೂಕುಂಡಗಳಿಗೆ ಹಾಕದಿರುವುದು ಒಳಿತು.

ಬೆರೆಸುವ ಕ್ರಮ, ದಾಖಲೆ

ಶುದ್ಧ ನೀರು ಲೋಹವನ್ನು ಬೇಗ ಕರಗಿಸಿಕೊಳ್ಳುತ್ತದೆ. ಆರ್‌ಒ-ಡಿಐ ಘಟಕದ ಹೊರಗೊಳವೆಗೆ ಹಿತ್ತಾಳೆಯ ನಲ್ಲಿ ಹಾಕಿಸಿದರೆ ತೆಗೆದ ತಾಮ್ರವನ್ನು ಮತ್ತೆ ಸೇರಿಸಿದಂತೆ. ಆಹಾರ ದರ್ಜೆಯ ಪ್ಲಾಸ್ಟಿಕ್ ಡ್ರಮ್ಮನ್ನೇ ಬಳಸಬೇಕು, ರಾಸಾಯನಿಕ ತುಂಬಿದ್ದ ಹಳೆಯ ಡ್ರಮ್ ಎಷ್ಟು ತೊಳೆದರೂ ಬೇಡ. ನೀರಿಗೆ ಉಪ್ಪನ್ನು ನಿಧಾನವಾಗಿ ಸೇರಿಸಿ, ಸಣ್ಣ ಪಂಪಿನಿಂದ ಒಂದು ದಿನ ಕಲಕಿ, ಸಾಪೇಕ್ಷ ಸಾಂದ್ರತೆ 1.025 ಇರುವುದನ್ನು ರಿಫ್ರಾಕ್ಟೋಮೀಟರಿನಲ್ಲಿ ನೋಡಿಕೊಂಡ ನಂತರವೇ ತೊಟ್ಟಿಗೆ ಹಾಕತಕ್ಕದ್ದು. ಅಡುಗೆಯ ಉಪ್ಪು ಇದಕ್ಕೆ ಬದಲಿಯಲ್ಲ, ಅದರಲ್ಲಿ ಸೋಡಿಯಂ ಕ್ಲೋರೈಡ್ ಬಿಟ್ಟರೆ ಮತ್ತೇನೂ ಇಲ್ಲವೆಂದೇ ಹೇಳಬೇಕು.

ಮಂಗಳೂರು, ಕಾರವಾರಗಳ ವರ್ತಕರಿಗೆ ಸಮುದ್ರದ ನೀರೇ ಕೈಗೆಟಕುತ್ತದೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ, ಕಾಳಿ ನದಿಗಳ ಪ್ರವಾಹವು ಅಳಿವೆಯ ಸುತ್ತಲಿನ ಉಪ್ಪಿನಂಶವನ್ನು ತೀವ್ರವಾಗಿ ಇಳಿಸುತ್ತದೆ, ಬಂದರಿನ ಬಳಿ ಎಣ್ಣೆಯ ಭಯವಿದೆ. ಅಳಿವೆ, ಬಂದರುಗಳಿಂದ ದೂರದಲ್ಲಿ, ಬೇಸಗೆಯಲ್ಲಿ ತಂದು ಸೋಸಿ ಬಳಸುವವರಿಗೂ ಆವಿಯ ಭರ್ತಿಗೆ ಶುದ್ಧವಾದ ಸಿಹಿನೀರು ಬೇಕೇ ಬೇಕು.

ನಿರ್ವಹಣೆಯ ಗುತ್ತಿಗೆ ಬರೆಯುವಾಗ ನೀರನ್ನು ಯಾರು ಒದಗಿಸುತ್ತಾರೆ, ನಡುವಿನ ದಿನಗಳ ಭರ್ತಿಯನ್ನು ಯಾರು ಮಾಡುತ್ತಾರೆ ಎಂಬ ಎರಡು ವಾಕ್ಯಗಳು ಇರಲೇಬೇಕು. ತೊಟ್ಟಿಯ ಬಳಿಯಲ್ಲೇ ಒಂದು ನೋಟ್‌ಬುಕ್ ಇಟ್ಟು ದಿನಾಂಕ, ಟಿಡಿಎಸ್, ಸಾಂದ್ರತೆ, ನೈಟ್ರೇಟ್ ಬರೆದು ಗ್ರಾಹಕನ ಕಡೆಯವರ ಸಹಿ ಪಡೆದರೆ ಮೀನು ಸತ್ತ ದಿನ ವಾದವಿವಾದಕ್ಕೆ ಅವಕಾಶ ಕಡಿಮೆ. ಹವಳದ ತೊಟ್ಟಿ ಕೇಳಿ ಬರುವ ಗ್ರಾಹಕರ ವಿಷಯದಲ್ಲಿ ನೀರಿಗಿಂತ ಮೊದಲು ಕಾನೂನನ್ನು ನೋಡಬೇಕಾಗುತ್ತದೆ. ನಮ್ಮ ಕಡಲಿನ ಬಂಡೆ ಕಟ್ಟುವ ಹವಳಗಳು ಮತ್ತು ಕಡಲಕುದುರೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಒಳಪಟ್ಟಿವೆ. ಅವನ್ನು ಹಿಡಿಯುವುದೂ ಮಾರುವುದೂ ಅಪರಾಧ. ಹೊರದೇಶದ ಕಲ್ಲುಹವಳಗಳು ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದ್ದು, ಕಾಯ್ದೆಯ 2022ರ ತಿದ್ದುಪಡಿಯ ಮೇಲೆ ಅಂತಹ ಜೀವಿಗಳನ್ನು ಹೊಂದಿರುವವರು ನೋಂದಣಿ ಮಾಡಿಸಬೇಕಾಗಿದೆ. ಆಮದಿನ ಕಾಗದಪತ್ರಗಳನ್ನು ತೋರಿಸಲಾರದ ಸರಬರಾಜುದಾರನಿಂದ ಹವಳ ಕೊಳ್ಳುವ ವರ್ತಕನ ತೊಟ್ಟಿಯಲ್ಲಿ ನೀರು ಎಷ್ಟು ಶುದ್ಧವಾಗಿದ್ದರೂ ಅರಣ್ಯ ಇಲಾಖೆಯ ಮುಂದೆ ಅದು ಉತ್ತರವಾಗುವುದಿಲ್ಲ.